ಮುಂಗಡ ಸ್ತೋತ್ರ

ಕುಲಗೋಡದ ಸಾತವ್ವನ ಅಂಗಳದಲ್ಲಿ ಬೆಳಗ್ಗೆಯಿಂದ ಗೋದಿ ಹುಗ್ಗಿ ಕುದಿಯುತ್ತಿತ್ತು. ಹೆಸರಿಗೆ ಇದು ಕೃತಜ್ಞತಾ ಕೂಟ. ಲಕ್ವಾ ಹೊಡೆದು ಹಾಸಿಗೆ ಹಿಡಿದಿದ್ದ ಗಂಡ ಭೀಮಶಿ ಎದ್ದು ನಡೆದಾಡಿದನೆಂದು ದೇವರಿಗೆ ಸ್ತೋತ್ರ ಹೇಳಿ, ಬಂದವರಿಗೆ ಊಟ ಹಾಕುವುದು. ತೊಡಕು ಇಷ್ಟೇ: ಭೀಮಶಿ ಎದ್ದಿರಲಿಲ್ಲ.

ಅವರ ಸಣ್ಣ ಕ್ರೈಸ್ತ ಸಭೆಯಲ್ಲಿ ಮುಂಗಡ ಸ್ತೋತ್ರವೆಂಬ ರೂಢಿಯೊಂದಿದೆ. ಬೇಡಿದ್ದು ಸಿಗುವ ಮೊದಲೇ ಸಿಕ್ಕಿತೆಂದು ನಂಬಿ ಕೂಟದ ದಿನ ಗೊತ್ತು ಮಾಡಿಬಿಡುವುದು. ಹೋದ ತಿಂಗಳು, ಹುಕ್ಕೇರಿಯಿಂದ ಬರುವ ಲಖನ ಪಾಸ್ಟರು ಭೀಮಶಿಯ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ, "ನಂಬ್ತೀರೇನ್ರಿ ಅಣ್ಣಾ?" ಎಂದು ಕೇಳಿದಾಗ ಅವನು ತನ್ನ ಎಡಗೈ ಎತ್ತಿದ. ಬಲಗೈ ಎತ್ತಲು ಬರುತ್ತಿರಲಿಲ್ಲ. ಜನ ಚಪ್ಪಾಳೆ ತಟ್ಟಿದರು, ದಿನ ಗೊತ್ತಾಯಿತು. ಸಾತವ್ವನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ಹೂಂ ಅನ್ನುತ್ತಿದ್ದಳು. ಗಂಡ ಏಳುತ್ತಾನೆಂದರೆ ಬೇಡವೆನ್ನುವ ಹೆಂಗಸು ಎಲ್ಲಿದ್ದಾಳೆ?

ವರ್ಷದಿಂದ ಅವನನ್ನು ಎತ್ತುವುದು, ಕೂರಿಸುವುದು, ತೊಳೆಯುವುದು, ಮಗ್ಗಲು ಹೊರಳಿಸುವುದು. ಅದರ ನಡುವೆ ಕಬ್ಬಿನ ಹೊಲದ ಕೂಲಿ. ದಿನ ಗೊತ್ತಾದ ಮೇಲೂ ಅದೇ ಎತ್ತುವುದು, ಅದೇ ತೊಳೆಯುವುದು. ಅವಳಿಗೆ ಈಗ ದೇವರ ಮೇಲೆ ಸಿಟ್ಟೂ ಬರುತ್ತಿರಲಿಲ್ಲ. ಸಿಟ್ಟಿಗೂ ಮೈಯಲ್ಲಿ ಒಂದಿಷ್ಟು ಕಸುವು ಬೇಕು.

ಗೋಕಾಕದ ಕಡೆಯವರು, ಮೂಡಲಗಿಯವರು ಬಸ್ಸಿಳಿದು ಬಂದು ಅಂಗಳ ತುಂಬಿತು. ಭೀಮಶಿಯ ಮಂಚವನ್ನೂ ಹೊರಗೆ ತಂದಿಟ್ಟರು. ಅವನು ಮಲಗಿಯೇ ಇರುವುದನ್ನು ಕಂಡ ಪಾಸ್ಟರು ಸಾತವ್ವನನ್ನು ಬಾಜೂಕ್ಕೆ ಕರೆದರು.

"ಅಕ್ಕಾರ, ಸಾಕ್ಷಿ ನೀವ ಹೇಳ್ರಿ. ಎದ್ದಾರ ಅಂತನ ಹೇಳ್ರಿ. ಕಣ್ಣಿಗೆ ಕಾಣಾಕಿಲ್ಲ ಖರೆ, ನಂಬಿಕಿಗೆ ಕಾಣತೈತಿ. ನೀವ ಹಿಂದ ಸರದ್ರ ಈ ಮಂದಿ ಗತಿ ಏನ್ರಿ?"

ಪಾಸ್ಟರು ಕೆಟ್ಟವರಲ್ಲ. ಭೀಮಶಿಗಾಗಿ ಉಪವಾಸ ಮಾಡಿ ಮಾಡಿ ಅವರ ಗಲ್ಲ ಒಳಗೆ ಹೋಗಿತ್ತು. ಅದನ್ನು ನೋಡಿಯೇ ಸಾತವ್ವನಿಗೆ ಇನ್ನಷ್ಟು ಇಕ್ಕಟ್ಟಾಯಿತು. ಒಲೆ ಮುಂದಿದ್ದ ನೆರೆಮನೆಯ ಭರಮವ್ವ, "ಹೇಳಿಬಿಡ ಯವ್ವಾ, ಒಂದ ಮಾತ. ಇಲ್ಲಾಂದ್ರ ನಿನ್ನ ಅಪನಂಬಿಕಿಯಿಂದನ ಗಂಡ ಏಳಲಿಲ್ಲ ಅಂತಾರ" ಎಂದಳು. ಅಂತಾರೆ, ಅದು ಸಾತವ್ವನಿಗೂ ಗೊತ್ತಿತ್ತು. ಒಂದು ಸುಳ್ಳು ಹೇಳಿದರೆ ಎಲ್ಲ ಸುಸೂತ್ರ. ಆದರೆ ಸುಳ್ಳು ಹೇಳಬೇಕಾದದ್ದು ದೇವರ ಹೆಸರಿನಲ್ಲಿ.

ಕೂಟದ ಮೊದಲ ಹಾಡು ಮುಗಿಯಿತು. ಸಾತವ್ವ ಸೆರಗು ಹೊದ್ದು ಎದ್ದು ನಿಂತಳು.

"ಎಲ್ಲಾರಿಗೂ ವಂದನೆಗೋಳ್ರಿ. ನಮ್ಮ ಮನಿಯವ್ರು..." ಎಂದು ಗಂಡನ ಕಡೆ ನೋಡಿದಳು. ಅವನು ಅವಳನ್ನೇ ನೋಡುತ್ತಿದ್ದ. "ನಮ್ಮ ಮನಿಯವ್ರು ಎದ್ದಿಲ್ರಿ. ನನಗ ಸ್ತೋತ್ರ ಹೇಳಾಕ ಬಾಯಿ ಬರವಲ್ದು. ಮೊನ್ನಿ ಇವ್ರನ್ನ ತೊಳಿಯುವಾಗ 'ದೇವ್ರ, ಕರ್ಕೊಂಡಬಿಡ' ಅಂದೆ. ಯಾರನ್ನ ಅಂತ ಹೇಳಲಿಲ್ಲ."

ಪಾಸ್ಟರ ಮುಖ ಕಪ್ಪಿಟ್ಟಿತು. ಯಾರೋ "ಪ್ರಭುವೇ" ಎಂದು ನಿಟ್ಟುಸಿರುಬಿಟ್ಟರು. ಗಂಡನ ಮಾನವನ್ನು ಎಲ್ಲರ ಮುಂದೆ ಕಳೆದೆನಲ್ಲಾ ಎಂದು ಸಾತವ್ವ ಸೆರಗನ್ನು ಮುಖಕ್ಕೆ ಎಳೆದುಕೊಂಡಳು.

ಆಗ ಮಂಚದ ಮೇಲಿಂದ ತೊದಲು ಮಾತು ಬಂತು. "ಪಾಸ್ಟರ್... ಇಕಿ ತಪ್ಪಲ್ರಿ." ಭೀಮಶಿ ಒಂದೊಂದೇ ಮಾತನ್ನು ಎಳೆದೆಳೆದು ಆಡಿದ. "ನಾನ ಕೈ ಎತ್ತಿದೆ. ಆಗ ನನಗ... ನಂಬಿಕಿ ಇರಲಿಲ್ಲ. ನೀವೆಲ್ಲಾ ಅಷ್ಟ ಆಸೆ ಮಾಡಿ ನಿಂತಿದ್ರಿ... ಇಲ್ಲ ಅನ್ನಾಕ ಆಗಲಿಲ್ಲ. ದಿನಾ ಇಕಿಗೆ 'ನಾಳೆ ಏಳ್ತೇನಿ' ಅಂತಿದ್ದೆ. ಹಂಗ ಅಂದು ಅಂದು... ನನಗೂ ಸಾಕಾಗೇತಿ."

ಸಾತವ್ವನಿಗೆ ಅಳು ಒತ್ತರಿಸಿ ಬಂತು. ಇಷ್ಟು ದಿನ ಒಂದೇ ಕೋಣೆಯಲ್ಲಿ ಇಬ್ಬರೂ ಬೇರೆ ಬೇರೆ ದಣಿದಿದ್ದರು, ಒಬ್ಬರಿಗೊಬ್ಬರು ಹೇಳಿಕೊಳ್ಳದೆ. ಅವಳು ಹೋಗಿ ಮಂಚದ ಅಂಚಿಗೆ ಕೂತು ಅವನ ಬಾಯಿಯ ಜೊಲ್ಲನ್ನು ಸೆರಗಿನಿಂದ ಒರೆಸಿದಳು.

ಪಾಸ್ಟರು ಕೈಯಲ್ಲಿದ್ದ ಬೈಬಲ್ ಮುಚ್ಚಿದರು. ಕೊನೆಗೆ, "ಊಟದ ಪ್ರಾರ್ಥನಿ ಮಾಡೂಣ್ರಿ" ಎಂದರು, ಆದರೆ 'ಸ್ತೋತ್ರ' ಎಂಬ ಮೊದಲ ಮಾತಿಗೇ ತಡೆದು ನಿಂತರು.

"ನಾ ಮಾಡ್ತೇನ್ರಿ" ಎಂದಳು ಸಾತವ್ವ. ಎದ್ದು ನಿಲ್ಲಲು ಆಗಲಿಲ್ಲ. ಕೂತಲ್ಲೇ ಗಂಡನ ಸತ್ತ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದಳು.

"ಅಪ್ಪಾ, ಇವ್ರು ಎದ್ದಿಲ್ಲ. ನನಗೂ ಏಳಾಕ ಆಗವಲ್ದು. ಆದ್ರ ಇವತ್ತ ಇಬ್ರೂ ನಿನ್ನ ಮುಂದ ಖರೆ ಮಾತಾಡಿದ್ವಿ, ನೀ ಕೇಳಿದಿ. ಇದಕ್ಕ ಸ್ತೋತ್ರಪಾ. ಆಮೆನ್."