ಪಂಪ್ ಸುಮ್ಮನಿದ್ದ ಹೊತ್ತು

ಕೊಳಕೂರಿನ ಹೊಲದ ಮನೆಯಲ್ಲಿ ಮೊಬೈಲಿಗೆ ನೆಟ್‌ವರ್ಕ್ ಸಿಗುವುದಿಲ್ಲ. ಹಾಗಾಗಿ ಹಣಮಂತ್ರಾಯ ಹಳೆಯ ರೇಡಿಯೋ ಹೊರತೆಗೆದಿದ್ದ. ಕಡಗಂಚಿಯಲ್ಲಿ ಓದುವ ಮಗಳು ಶೈಲಶ್ರೀ ಅಂದು ಹನ್ನೊಂದೂವರೆಗೆ ಕಲಬುರಗಿ ಎಫ್‌ಎಂನಲ್ಲಿ ಮಾತಾಡುವವಳಿದ್ದಳು. ರೇಡಿಯೋದಲ್ಲಿ ಮಾತ್ರ ಬರೀ ಗರಗರ.

ಆಂಟೆನಾ ಕಟ್ಟಲು ಜೇವರ್ಗಿಯಿಂದ ಖಾದರಸಾಬ ಬಂದಿದ್ದ. ಅಡ್ಡಪಟ್ಟಿಗೆ ಐದು ಅಲ್ಯೂಮಿನಿಯಂ ಕಡ್ಡಿ ಬಿಗಿದು, "ಇದರ ಮೂತಿ ಕಲಬುರಗಿ ಕಡೆ ಇರಬೇಕ್ರಿ. ಎತ್ತರ ಇದ್ದಷ್ಟು ಚಲೋ," ಎಂದ. ಎತ್ತರಕ್ಕೆಂದು ಹಣಮಂತ್ರಾಯ ಹಳೆ ಬೋರಿನ ಎರಡು ಕಬ್ಬಿಣದ ಪೈಪು ಜೋಡಿಸಿದ. ಮೂವತ್ತು ಅಡಿಯಾಯಿತು.

ಪಂಪುಗಳಿಗೆ ಕರೆಂಟ್ ತರುವ ದೊಡ್ಡ ಲೈನು ಅಂಗಳದ ಅಂಚಿನಲ್ಲೇ ಹಾದುಹೋಗಿತ್ತು.

"ಲೈನಿನ್ಯಾಗ ಕರೆಂಟ್ ಅದ ಏನ್ರಿ?" ಖಾದರಸಾಬ ಕೇಳಿದ.

"ಇಲ್ಲೋ ಮಾರಾಯಾ. ಪಂಪ್ ನೋಡು, ಸುಮ್ಮನ ಕುಂತದ. ಆಟೋ ಹಾಕೀನಿ, ಕರೆಂಟ್ ಬಂದ್ರ ತಾನೇ ಶುರು ಆಗ್ತದ. ನಮ್ಮ ಬೀಗರಿಗಿಂತ ನಂಬಿಗಸ್ಥ ಅದು."

ಇಬ್ಬರೂ ನಕ್ಕರು. ಖಾದರಸಾಬ ಗೋಡೆಯ ಬುಡದಲ್ಲಿ ಪೈಪು ಹಿಡಿದ. ಹಣಮಂತ್ರಾಯ ಮಾಳಿಗೆಯ ಮೇಲಿಂದ ಹಗ್ಗ ಜಗ್ಗಿದ.

ಆ ಮಾತು ಕಿವಿಗೆ ಬಿದ್ದು, ಒಳಗೆ ರೊಟ್ಟಿ ಬಡಿಯುತ್ತಿದ್ದ ಅವನ ಹೆಂಡತಿ ಗಂಗಾಬಾಯಿಯ ಕೈ ನಿಂತಿತು. ಬೆಳಿಗ್ಗೆ ನೀರಿನ ಪೈಪು ಒಡೆದು ತೊಗರಿಯಲ್ಲಿ ನೀರು ನಿಂತಿತ್ತು. ಅವಳೇ ಹೋಗಿ ಸ್ಟಾರ್ಟರ್ ಬಂದ್ ಮಾಡಿ, ಆಟೋ ಗುಂಡಿಯನ್ನೂ ತೆಗೆದು ಬಂದಿದ್ದಳು. ಗಂಡನಿಗೆ ಹೇಳುವುದನ್ನು ಮರೆತಿದ್ದಳು. ಈಗ ಕರೆಂಟ್ ಇದ್ದರೂ ಪಂಪ್ ಸುಮ್ಮನೇ ಇರುತ್ತಿತ್ತು.

ಬಾಗಿಲಿಗೆ ಬಂದಾಗ ಪೈಪು ಅರ್ಧ ಎದ್ದಿತ್ತು. ಗಾಳಿಗೆ ಅದರ ತುದಿ ತಂತಿಯ ಕಡೆ ವಾಲಿ ಮತ್ತೆ ಹಿಂದೆ ಬಂತು. ನಡುವೆ ಎರಡು ಮೊಳವಿದ್ದರೆ ಹೆಚ್ಚು. ಕೂಗಲು ಹೊರಟವಳು ತಡೆದಳು. ಗಂಡ ಬೆಚ್ಚಿ ಹಗ್ಗ ಬಿಟ್ಟರೆ ಪೈಪು ಬೀಳುವುದು ತಂತಿಯ ಮೇಲೆಯೇ. ಕೆಳಗೆ ಅದನ್ನು ಹಿಡಿದವನು ಖಾದರಸಾಬ, ಬರಿಗಾಲಲ್ಲಿ.

ಹಿಟ್ಟಿನ ಕೈಯಲ್ಲೇ ಮೆಲ್ಲಗೆ ಅಂಗಳಕ್ಕೆ ಇಳಿದಳು.

"ರೀ, ಹಗ್ಗ ಗಟ್ಟಿ ಹಿಡೀರಿ. ಖಾದರಣ್ಣ, ಮ್ಯಾಲ ಎತ್ತಬ್ಯಾಡ. ಹೆಂಗ ಎತ್ತೀರೋ ಹಂಗೇ ಇಳಸ್ರಿ."

"ಯಾಕಬೇ, ರೊಟ್ಟಿ ಹೊತ್ತಿತೇನು?"

"ಹೊತ್ತಿಲ್ಲ. ಮೊದಲ ಇಳಸ್ರಿ. ಆಟೋ ನಾ ತೆಗದೀನಿ."

ಹಣಮಂತ್ರಾಯನ ನಗು ಅಲ್ಲೇ ನಿಂತಿತು. ಖಾದರಸಾಬ ಪೈಪಿನ ತುದಿಯತ್ತ ನೋಡಿದ, ಆಮೇಲೆ ತನ್ನ ಕಾಲಿನತ್ತ. ಹಗ್ಗ ಒಂದೊಂದು ಗೇಣು ಸಡಿಲವಾಯಿತು. ಮತ್ತೊಮ್ಮೆ ಗಾಳಿ ಬೀಸಿ ಕಡ್ಡಿಗಳು ತಂತಿಯತ್ತ ತೂಗಿದಾಗ ಗಂಗಾಬಾಯಿ ಕಣ್ಣು ಮುಚ್ಚಲಿಲ್ಲ. ಮುಚ್ಚಿದರೆ ಆಗಿಯೇಬಿಡುತ್ತದೆ ಅನ್ನಿಸಿತ್ತು. ಕೊನೆಗೆ ಪೈಪು ನೆಲ ಮುಟ್ಟಿತು.

ಅವಳು ನೇರ ಪಂಪಿನ ಗೂಡಿಗೆ ಹೋಗಿ ಸ್ಟಾರ್ಟರ್ ಒತ್ತಿದಳು. ಮೋಟಾರ್ ಗುಂಯ್ ಎಂದಿತು, ನೀರು ಧುಮುಕಿತು.

ಖಾದರಸಾಬ ಚಪ್ಪಲಿ ಹುಡುಕಿ ಮೆಟ್ಟಿಕೊಂಡ. ಮಾಳಿಗೆಯಿಂದ ಇಳಿದ ಹಣಮಂತ್ರಾಯ ಅವನಿಗೆ ತಂಬಿಗೆ ನೀರು ಕೊಟ್ಟ.

ಸ್ವಲ್ಪ ಹೊತ್ತಿನ ಮೇಲೆ ಆಂಟೆನಾವನ್ನು ಮನೆಯ ಹಿಂದೆ, ಲೈನಿನಿಂದ ದೂರ, ಆಳೆತ್ತರದ ಬಿದಿರಿಗೆ ಕಟ್ಟಿದರು. ಹನ್ನೊಂದೂವರೆಗೆ ಗರಗರದ ನಡುವೆ ಶೈಲಶ್ರೀಯ ದನಿ ಬಂತು, ತುಂಡುತುಂಡಾಗಿ.

"ಆ ಪಂಪ್ ಬಂದ್ ಮಾಡಬೇ. ಹುಡುಗಿ ಮಾತು ಕೇಳಸವಲ್ದು. ತೊಗರಿನೂ ಮುಳಗ್ತದ," ಎಂದ ಹಣಮಂತ್ರಾಯ.

"ಮುಳಗಲಿ. ಲೈನಿನ್ಯಾಗ ಕರೆಂಟ್ ಅದ ಅಂತ ಎಲ್ಲಾರ ಕಿವಿಗೂ ಬೀಳ್ತಿರಲಿ," ಎಂದಳು ಗಂಗಾಬಾಯಿ. ಖಾದರಸಾಬ ತನ್ನ ಸಾಮಾನು ಕಟ್ಟಿಕೊಂಡು ರಸ್ತೆ ಮುಟ್ಟುವವರೆಗೂ ಅವಳು ಪಂಪಿನ ಹತ್ತಿರ ಯಾರನ್ನೂ ಬಿಡಲಿಲ್ಲ.