ಈ ಊರಿನಲ್ಲಿ ಸಿಗುವುದಿಲ್ಲ

ಹೇಳಿದ್ದು ಸುಳ್ಳೇ? ಸುಳ್ಳೆಂದರೆ ಸುಳ್ಳು, ಅಲ್ಲವೆಂದರೆ ಅಲ್ಲ. ಆ ಹೆಂಗಸು ಕೇಳಿದ್ದು, ಈ ಊರಿನಲ್ಲಿ ಮೆಡಿಟರೇನಿಯನ್ ಊಟ ಎಲ್ಲಿ ಸಿಗುತ್ತದೆ ಎಂದು. ಸಿಗುವುದು ಎಂದರೆ ದುಡ್ಡು ಕೊಟ್ಟರೆ ಸಿಗುವುದು ತಾನೆ? ಹಾಗೆ ನೋಡಿದರೆ ಗ್ಲೆನ್‌ವಿಕ್‌ನಲ್ಲಿ ನಿಜವಾಗಿಯೂ ಎಲ್ಲಿಯೂ ಸಿಗುವುದಿಲ್ಲ. ಕೆಫೆಯ ಹಿಂದಿನ ಮೇಜಿನ ಮೇಲೆ ಮನೆಯವರು ಉಣ್ಣುವುದು ಮಾರಾಟದ್ದಲ್ಲ. ಮಾರದ್ದನ್ನು ಇದೆ ಎಂದು ಹೇಳುವುದೇ ದೊಡ್ಡ ಸುಳ್ಳು.

ಮಿನಾಸ್ ಕೌಂಟರನ್ನು ಒದ್ದೆ ಬಟ್ಟೆಯಿಂದ ಒರೆಸುತ್ತ ಹೀಗೆ ತನ್ನೊಳಗೇ ವಾದ ಹೂಡಿ, ಗೆದ್ದು, ಗೆದ್ದದ್ದು ಸಾಲದೆಂಬಂತೆ ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದ. ಇದೇ ಊರಿನ ಕಾಲೇಜಿನಲ್ಲಿ ತತ್ವಶಾಸ್ತ್ರ ಓದಿದವನು. ಅಪ್ಪ ಸತ್ತ ಮೇಲೆ ಬೆಲ್‌ವ್ಯೂ ಕೆಫೆಯ ಕೌಂಟರಿನ ಹಿಂದೆ ನಿಂತವನು ಅಲ್ಲೇ ಮೂವತ್ತು ದಾಟಿದ್ದ. ಓದಿನಿಂದ ಉಳಿದದ್ದು ಈ ವಾದದ ಚಟವೊಂದೇ.

ಆದರೆ ಹೇಳಿದ್ದು ಅಷ್ಟೇ ಆಗಿದ್ದರೆ ಗೆದ್ದು ಸುಮ್ಮನಾಗಬಹುದಿತ್ತು.

ಬೆರಿಲ್ ಲ್ಯಾಂಗ್‌ಟ್ರಿ ಬಂದದ್ದು ಬುಧವಾರ ಮಧ್ಯಾಹ್ನ. ಕಾಲೇಜಿಗೆ ಹೊಸದಾಗಿ ಬಂದ ಸಸ್ಯಶಾಸ್ತ್ರದ ಮೇಷ್ಟರ ಹೆಂಡತಿ. ಹೊಸ ವಿದ್ಯಾರ್ಥಿಗಳಿಗೆಂದು ಕಾಲೇಜಿನ ಪತ್ರಿಕೆಯಲ್ಲಿ ಊರಿನ ಊಟದ ಜಾಗಗಳ ಬಗ್ಗೆ ಬರೆಯುತ್ತಿದ್ದಳು. ಚಹಾ ಕುಡಿದು, ಕಪ್ಪು ಬದಿಗೆ ಸರಿಸಿ, ಆ ಪ್ರಶ್ನೆ ಕೇಳಿದಳು.

"ಎಲ್ಲೂ ಇಲ್ಲ ಮೇಡಂ. ಅದಕ್ಕೆ ಸಿಡ್ನಿಗೇ ಹೋಗ್ಬೇಕು" ಎಂದ ಮಿನಾಸ್.

"ಅಯ್ಯೋ, ಹೋದ ವರ್ಷ ರಜೆಗೆ ಗ್ರೀಸ್‌ಗೆ ಹೋಗಿದ್ವಿ. ನಾಲಿಗೆಗೆ ಅದೇ ರುಚಿ ಹತ್ತಿಬಿಟ್ಟಿದೆ." ಅವಳು ಮೂಗು ಅರಳಿಸಿದಳು. "ತಾಳಿ, ಏನೋ ಘಮ ಬರ್ತಿದೆಯಲ್ಲ ಒಳಗಿಂದ?"

ಬೆನ್ನ ಹಿಂದೆ ಅಡುಗೆಮನೆಯ ಬಾಗಿಲು ಒಂದು ಗೇಣು ತೆರೆದಿತ್ತು. ಒಳಗೆ ಒಲೆಯ ಮೇಲೆ ಬೆಳ್ಳುಳ್ಳಿ, ಪಲಾವಿನ ಎಲೆ ಹಾಕಿದ ಬೇಳೆ ಕುದಿಯುತ್ತಿತ್ತು.

"ಅದಾ? ಪಾತ್ರೆ ತೊಳೀತಿದಾರೆ. ಅದರ ನೀರಿನ ವಾಸನೆ."

ಅವಳು ನಕ್ಕು, ಚಿಲ್ಲರೆ ಇಟ್ಟು ಹೋದಳು. ಮಿನಾಸ್ ತಿರುಗಿ ನೋಡಿದಾಗ ಬಾಗಿಲ ಸಂದಿಯಲ್ಲಿ ಅಮ್ಮ ನಿಂತಿದ್ದಳು. ಸ್ತಮಾತಾ ಗ್ರೀಸ್‌ನಿಂದ ಈ ದೇಶಕ್ಕೆ ಬಂದು ಇಷ್ಟು ವರ್ಷವಾದರೂ ಇಂಗ್ಲಿಷ್ ಆಡುವುದು ಕಡಿಮೆ. ಅರ್ಥವಾಗದ್ದು ಏನೂ ಇರಲಿಲ್ಲ. ಅವಳು ಬಾಗಿಲನ್ನು ಸದ್ದಾಗದಂತೆ ಮುಂದೆ ಮಾಡಿಕೊಂಡಳು.

ಆ ದಿನ ಹಿಂದಿನ ಮೇಜಿಗೆ ಬೇಳೆ ಬಂತು. ಅದರಲ್ಲಿ ಹೊಸದೇನೂ ಇರಲಿಲ್ಲವಾದ್ದರಿಂದ ಮಿನಾಸ್ ಸಮಾಧಾನ ಮಾಡಿಕೊಂಡ.

ಮರುದಿನ ಬಂದದ್ದು ಸ್ಟೇಕ್. ಹುರಿದ ದನದ ಮಾಂಸ, ಅದರ ಮೇಲೊಂದು ಮೊಟ್ಟೆ, ಪಕ್ಕದಲ್ಲಿ ಕರಿದ ಆಲೂಗಡ್ಡೆ, ಡಬ್ಬಿಯಿಂದ ತೆಗೆದ ಬೀಟ್‌ರೂಟಿನ ಬಿಲ್ಲೆ, ಬೆಣ್ಣೆ ಸವರಿದ ಬಿಳಿ ಬ್ರೆಡ್ಡು. ಮುಂದಿನ ಮೇಜುಗಳಿಗೆ ಕುರಿ ಸಾಕುವವರಿಗೂ ಲಾರಿಯವರಿಗೂ ಹೋಗುವ ತಟ್ಟೆಯೇ, ಇಂಚೂ ಬದಲಿಲ್ಲದೆ.

ಕೊಸ್ಮಾಸ್ ಚಿಕ್ಕಪ್ಪ ಕರವಸ್ತ್ರವನ್ನು ಕತ್ತಿಗೆ ಸಿಕ್ಕಿಸಿಕೊಂಡವನು ಹಾಗೇ ನಿಂತುಬಿಟ್ಟ. ಅಪ್ಪನ ದಾಯಾದಿ. ಮೀನು, ಸ್ಟೇಕ್ ಬೇಯಿಸಿ ಮಾರುತ್ತಿದ್ದ ತನ್ನ ಅಂಗಡಿ ಮುಚ್ಚಿದ ಮೇಲೆ ದಿನಾ ಮಧ್ಯಾಹ್ನ ಇಲ್ಲೇ ಉಣ್ಣುವವನು.

"ಏನತ್ತಿಗೆ ಇದು? ನಾನು ಮುಂದಿನ ಬಾಗಿಲಿಂದ ಬಂದ್ನಾ ಹಿಂದಿನ ಬಾಗಿಲಿಂದ ಬಂದ್ನಾ?"

"ಕೂತ್ಕೊಂಡು ತಿನ್ನು ಕೊಸ್ಮಾಸ್, ಆರಿಹೋಗುತ್ತೆ."

"ನಲವತ್ತು ವರ್ಷ ಇದನ್ನೇ ಈ ಜನಕ್ಕೆ ಬೇಯಿಸಿ ಹಾಕಿದೀನಿ. ತಿನ್ನೋ ಪಾಪ ಮಾತ್ರ ಮಾಡಿರ್ಲಿಲ್ಲ. ನಿನ್ನೆಯ ಬೇಳೆ ಒಂದು ಸೌಟು ಉಳಿದಿಲ್ವಾ?"

"ಪಾತ್ರೆ ತೊಳೆದ ನೀರನ್ನ ಯಾರಾದ್ರೂ ಕುಡೀತಾರಾ?"

ಕೊಸ್ಮಾಸ್ ಅತ್ತಿಗೆಯನ್ನು ನೋಡಿದ, ಮಿನಾಸನನ್ನು ನೋಡಿದ, ಮತ್ತೆ ಮೊಟ್ಟೆಯನ್ನು ನೋಡಿದ.

"ನಮ್ಮ ಅಡುಗೆ ಈ ಊರಲ್ಲಿ ಎಲ್ಲೂ ಇಲ್ವಂತೆ" ಎಂದಳು ಸ್ತಮಾತಾ, ಬ್ರೆಡ್ಡಿನ ತಟ್ಟೆ ಇಡುತ್ತ. "ನನ್ನ ಮಗ ಹೇಳಿದ್ದು, ಹೊರಗಿನವರ ಎದುರಿಗೆ. ಆಡಿದ್ದಾಯ್ತು. ಇವನಪ್ಪ ಒಂದ್ಸಲ ಬ್ಯಾಂಕಿನ ಮ್ಯಾನೇಜರಿಗೆ ಮೀನು ಮುಗೀತು ಅಂತ ಹೇಳಿದ್ರು. ಆಮೇಲೆ ಐಸಿನ ಕೆಳಗೆ ಎರಡು ತುಂಡು ಸಿಕ್ತು. ಮಾರ್ಲಿಲ್ಲ. ನಮಗೂ ತಿನ್ನೋಕೆ ಬಿಡ್ಲಿಲ್ಲ. ಬೆಕ್ಕಿಗೆ ಹಾಕಿದ್ರು. ಇಲ್ಲ ಅಂದ್ಮೇಲೆ ಇಲ್ಲ. ಅಂಗಡಿ ಮಾಡೋನ ಬಾಯಲ್ಲಿ ಎರಡು ಮಾತು ಬರಬಾರದು."

"ಅಮ್ಮ, ಅದೇನೋ ಸುಮ್ಮನೆ..." ಎಂದ ಮಿನಾಸ್.

"ಸುಮ್ಮನೆ ಏನು?"

ಅವಳು ಕಾಯುತ್ತಿದ್ದಳು. ಕೋಪದ ಮುಖವಾಗಿದ್ದರೆ ಎದುರಿಸಬಹುದಿತ್ತು. ಆ ಮುಖದಲ್ಲಿ ಕೋಪವಿರಲಿಲ್ಲ. ಲೆಕ್ಕ ಕೇಳಿದ ಮೇಷ್ಟರು ಹುಡುಗನ ಬಳಪವನ್ನು ನೋಡುತ್ತ ನಿಂತ ಹಾಗಿತ್ತು. ಮಿನಾಸ್ ಮಾಂಸ ಕತ್ತರಿಸಿದ.

ಅಲ್ಲಿಂದ ಅವನು ಕಾಲು ಸುಟ್ಟ ಬೆಕ್ಕಾದ. ದಿನಾ ಅದೇ ತಟ್ಟೆ. ಮುಂದೆ ನಿಂತರೆ ಹಿಂದಕ್ಕೆ ಹೋಗಬೇಕೆನ್ನಿಸುತ್ತಿತ್ತು, ಹಿಂದೆ ಹೋದರೆ ಮಡಕೆಯಿಲ್ಲದ ಒಲೆ. ಹಾಲಿನ ಲೋಟಗಳನ್ನು ತೊಳೆದವನ್ನೇ ತೊಳೆದ. ಸಂಜೆ ಅಂಗಡಿ ಬಿಟ್ಟು ಕಾಲೇಜಿನ ಮೈದಾನದ ಸುತ್ತ ನಡೆದ. ಚಳಿಗಾಲ ಹತ್ತಿರವಾಗಿತ್ತು. ಪಾಪ್ಲರ್ ಮರಗಳ ಹಳದಿ ಎಲೆ ಬೂಟಿಗೆ ಅಂಟುತ್ತಿತ್ತು.

ಮೈದಾನದ ಬೇಲಿಯ ಅಂಚಿಗೆ ಬಂದಾಗ ಅವನ ನಡಿಗೆ ತಾನಾಗಿಯೇ ಜೋರಾಗುತ್ತಿತ್ತು. ಅಮ್ಮ ಸೊಪ್ಪು ಕೀಳುತ್ತಿದ್ದ ಜಾಗ ಅದು. ಮಳೆ ಬಿದ್ದ ಮರುದಿನ ಕಪ್ಪು ಬಟ್ಟೆಯಲ್ಲಿ ಬಗ್ಗಿ, ಊರಿನವರು ಕಳೆ ಎಂದು ಬಿಸಾಡುವ ಗಿಡಗಳನ್ನು ಚಾಕುವಿನಿಂದ ಬೇರುಸಮೇತ ಎಬ್ಬಿಸಿ ಚೀಲಕ್ಕೆ ತುಂಬುತ್ತಿದ್ದಳು. ಅದು ಅವನ ಕಾಲೇಜಿನ ಮೊದಲ ವರ್ಷ. ಜೊತೆಯ ಹುಡುಗರಲ್ಲೊಬ್ಬ ಅವಳತ್ತ ಬೊಟ್ಟು ಮಾಡಿ, "ನೋಡ್ರೋ, ಯಾರ ದನಾನೋ ಬೇಲಿ ಹಾರಿ ಬಂದಿದೆ" ಎಂದ. ಎಲ್ಲರೂ ನಕ್ಕರು. ಮಿನಾಸ್ ಕೈಗಡಿಯಾರ ನೋಡಿಕೊಂಡು, ತರಗತಿಗೆ ತಡವಾಯಿತು ಎಂದ. ಅಮ್ಮ ತಲೆ ಎತ್ತಿದ್ದಳೋ ಇಲ್ಲವೋ ಅವನಿಗೆ ಈ ಹೊತ್ತಿಗೂ ಗೊತ್ತಿಲ್ಲ. ಅಂದು ರಾತ್ರಿ ಬೇಯಿಸಿದ ಸೊಪ್ಪಿಗೆ ಎಣ್ಣೆ, ನಿಂಬೆರಸ ಹಿಂಡಿ ಅವನ ತಟ್ಟೆಗೇ ಹೆಚ್ಚು ಬಡಿಸಿದ್ದಳು.

ಅಲ್ಲ, ನಾಚಿಕೆ ಅಲ್ಲ ಅದು, ಎಂದುಕೊಂಡ. ನಮ್ಮದು ಅಂತ ಉಳಿದಿರುವುದು ಆ ಹಿಂದಿನ ಮೇಜೊಂದೇ, ಅದನ್ನೂ ಬೀದಿಗೆ ಯಾಕೆ ಹಾಕಬೇಕು ಅಂತ ಮಾತ್ರ. ವಾದ ಚೆನ್ನಾಗಿತ್ತು. ಬೇಲಿ ದಾಟುವವರೆಗೂ ನಿಂತಿತು.

ಭಾನುವಾರ ಬೆಳಿಗ್ಗೆ ಅಂಚೆ ಕಚೇರಿಯ ಹತ್ತಿರ ಬೆರಿಲ್ ಸಿಕ್ಕಳು.

"ಬರೆದು ಮುಗೀತಾ?" ಎಂದು ಕೇಳಿದ.

"ಶುಕ್ರವಾರ ಅಚ್ಚಿಗೆ ಕೊಡ್ಬೇಕು. ನಿಮ್ಮ ಮಾತನ್ನೇ ಹಾಕ್ತಿದೀನಿ, ಮೆಡಿಟರೇನಿಯನ್ ಬೇಕಾದ್ರೆ ಸಿಡ್ನಿ ರೈಲು ಹತ್ತಿ ಅಂತ."

"ಗುರುವಾರ ಮಧ್ಯಾಹ್ನ ಊಟಕ್ಕೆ ಬನ್ನಿ, ನಿಮ್ಮ ಯಜಮಾನರನ್ನೂ ಕರ್ಕೊಂಡು. ಕೆಫೆಗಲ್ಲ, ನಮ್ಮನೆಗೆ. ಹಿಂದಿನ ಬಾಗಿಲಿಂದ ಬನ್ನಿ." ಎಂದ ಮಿನಾಸ್. "ನಮ್ಮಮ್ಮನ ಅಡುಗೆ."

ಇದರಲ್ಲಿ ಒಂದು ಉಪಾಯವಿತ್ತು. ಮನೆಗೆ ಬಂದ ಹೊರಗಿನವರನ್ನು ಬರಿಹೊಟ್ಟೆಯಲ್ಲಿ ಕಳಿಸುವುದು ಗ್ರೀಕ್ ಜನದಲ್ಲಿ ಕೊಲೆಗಿಂತ ಎರಡು ಮೆಟ್ಟಿಲು ಕೆಳಗೆ, ಅಷ್ಟೇ. ಅತಿಥಿ ಬಂದರೆ ಅಮ್ಮ ಮಡಕೆ ಇಡಲೇಬೇಕು. ತಾನು ಬಾಯಿ ಬಿಡುವ ಅಗತ್ಯವೇ ಬೀಳುವುದಿಲ್ಲ.

"ಗುರುವಾರ ಇಬ್ಬರು ಬರ್ತಾರೆ. ಅವತ್ತು ಕೇಳಿದ್ರಲ್ಲ, ಅವರೇ" ಎಂದ ಅಮ್ಮನಿಗೆ.

"ಬರಲಿ. ಅತಿಥಿ ದೇವರ ಹಾಗೆ."

ಬುಧವಾರ ಅವನೇ ಚಾಕು ಹಿಡಿದು ಬೇಲಿಯ ಅಂಚಿಗೆ ಹೋದ. ಮೈದಾನದಲ್ಲಿ ಯಾರೂ ಇಲ್ಲದ ಹೊತ್ತು ನೋಡಿಕೊಂಡೇ ಹೋದ. ತಂದ ಸೊಪ್ಪನ್ನು ತೊಟ್ಟಿಯ ಪಕ್ಕ ಇಟ್ಟ. ಅಮ್ಮ ಏನೂ ಕೇಳದೆ ಅದನ್ನು ಮೂರು ನೀರಿನಲ್ಲಿ ತೊಳೆದು, ಒಣಬಟ್ಟೆಯ ಮೇಲೆ ಹರವಿದಳು. ಮಿನಾಸನ ಎದೆ ಹಗುರಾಯಿತು. ಆ ರಾತ್ರಿ ಅವನಿಗೆ ನಿದ್ದೆ ಬಂತು.

ಗುರುವಾರ ಸ್ತಮಾತಾ ಇಗರ್ಜಿಗೆ ಉಡುವ ಕಪ್ಪು ಉಡುಪು ತೊಟ್ಟಿದ್ದಳು. ಮದುವೆಗೆ ತಾಯಿ ನೇಯ್ದುಕೊಟ್ಟ ಬಿಳಿ ಹಾಸು ಮೇಜಿನ ಮೇಲೆ ಬಂದಿತ್ತು. ಲ್ಯಾಂಗ್‌ಟ್ರಿ ದಂಪತಿಗಳು ಒಂದು ಬಾಟಲಿ ವೈನ್ ಹಿಡಿದು ಬಂದರು. ಹ್ಯೂ ಲ್ಯಾಂಗ್‌ಟ್ರಿ ಎತ್ತರದ ಆಳು. ಬಾಗಿಲ ಪಟ್ಟಿಗೆ ಹಣೆ ಹೊಡೆಸಿಕೊಂಡು ತಾನೇ ಕ್ಷಮೆ ಕೇಳಿದ. ಕೊಸ್ಮಾಸ್ ಅವನ ಬೆನ್ನು ತಟ್ಟಿ, "ನಮ್ಮೂರಲ್ಲಿ ಬಾಗಿಲು ಇನ್ನೂ ಗಿಡ್ಡ, ಸ್ವಾಮಿ. ಪೊಲೀಸರು ಒಳಗೆ ಬರಬಾರದು ಅಂತ" ಎಂದು ನಗಿಸಿದ.

ಸ್ತಮಾತಾ ತಟ್ಟೆಗಳನ್ನು ತಂದಳು. ಐದು ಸ್ಟೇಕ್, ಐದು ಮೊಟ್ಟೆ. ಬೀಟ್‌ರೂಟ್. ಬಿಳಿ ಬ್ರೆಡ್ಡು. ಮಾಂಸ ಬೆಂದ ಹದ ನೋಡಿದರೆ ಗೊತ್ತಾಗುತ್ತಿತ್ತು, ಈ ಕೆಫೆಯಲ್ಲಿ ಯಾವ ಗಿರಾಕಿಗೂ ಅಷ್ಟು ಒಳ್ಳೆಯ ತುಂಡು ಹೋಗಿರಲಿಲ್ಲ.

ಬೆರಿಲ್ ತಟ್ಟೆಯನ್ನು ನೋಡಿ ಮಿನಾಸನ ಕಡೆ ತಿರುಗಿದಳು. ಮುಖದಲ್ಲಿ ಇನ್ನೂ ನಗು ಇತ್ತು. ಯಾಕೆಂದು ಮರೆತ ನಗು.

"ನನ್ನ ಮಗ ನಿಮಗೆ ಹೇಳಿದಾನೆ" ಎಂದಳು ಸ್ತಮಾತಾ ತನ್ನ ತುಂಡು ಇಂಗ್ಲಿಷಿನಲ್ಲಿ, ಒಂದೊಂದೇ ಪದ ಜೋಡಿಸುತ್ತ. "ನಮ್ಮ ಥರ ಊಟ ಇಲ್ಲಿ ಇಲ್ಲ. ನನ್ನ ಮಗ ಸುಳ್ಳು ಹೇಳೋದಿಲ್ಲ. ಇದು ಒಳ್ಳೆ ಮಾಂಸ. ತಿನ್ನಿ."

ಹೇಳಿ ಅವಳು ಕೂರಲಿಲ್ಲ. ಕುರ್ಚಿಯ ಬೆನ್ನು ಹಿಡಿದು ಮಗನನ್ನೇ ನೋಡುತ್ತ ನಿಂತಳು. ಅವಳ ಹಿಂದೆ ಒಲೆಯ ಪಕ್ಕ ಮುಚ್ಚಿದ ಮಡಕೆಯೊಂದಿತ್ತು. ಅದರ ಮುಚ್ಚಳದ ಅಂಚಿನಲ್ಲಿ ಹಸಿರು ಎಲೆಯ ತುದಿಯೊಂದು ಸಿಕ್ಕಿಕೊಂಡಿತ್ತು. ಬೇಯಿಸಿಟ್ಟಿದ್ದಳು. ಒಂದು ಮಾತು ಬಂದರೆ ಮುಚ್ಚಳ ತೆಗೆಯುವುದಕ್ಕೆ ಸಿದ್ಧವಾಗಿದ್ದಳು. ಮಗನನ್ನು ಹೊರಗಿನವರ ಎದುರು ಸುಳ್ಳುಗಾರನನ್ನಾಗಿ ಮಾಡುವ ಕೆಲಸ ಮಾತ್ರ ಅವಳದ್ದಾಗಿರಲಿಲ್ಲ. ಅದನ್ನು ಅವನೇ ಮಾಡಿಕೊಳ್ಳಬೇಕಿತ್ತು.

"ಹೇಳೋ" ಎಂದ ಕೊಸ್ಮಾಸ್ ಗ್ರೀಕಿನಲ್ಲಿ, ತುಟಿ ಅಲ್ಲಾಡಿಸದೆ. "ಹೇಳೋ ಕತ್ತೆ. ಹೊಟ್ಟೆ ಹಸೀತಿದೆ."

ಮಿನಾಸ್ ಬಾಯಿ ತೆರೆದ. ಹ್ಯೂ ಲ್ಯಾಂಗ್‌ಟ್ರಿ ಸೌಜನ್ಯದಿಂದ ಫೋರ್ಕು ಹಿಡಿದು ಕಾಯುತ್ತಿದ್ದ. ಅವನ ಮುಖ ಒಳ್ಳೆಯ ಮನುಷ್ಯನದು. ಬೇಲಿಯ ಹತ್ತಿರ ನಕ್ಕ ಹುಡುಗರ ಮುಖಗಳೂ ಒಳ್ಳೆಯವೇ ಆಗಿದ್ದವು.

"ಟೊಮೇಟೊ ಸಾಸ್ ಕೊಡ್ಲಾ ಮೇಷ್ಟ್ರೇ?" ಎಂದ.

ಸ್ತಮಾತಾ ಕುರ್ಚಿ ಎಳೆದು ಕೂತಳು. ಅತಿಥಿಗಳಿಗೆ ಎರಡೆರಡು ಸಲ ಬಡಿಸಿದಳು, ಹೊರಡುವಾಗ ಬೆರಿಲ್‌ಳ ಎರಡೂ ಕೆನ್ನೆಗೆ ಮುತ್ತಿಟ್ಟಳು. ಅವರು ನಿಜವಾಗಿಯೂ ಸಂತೋಷಪಟ್ಟರು. ಕೊಸ್ಮಾಸ್ ಮಾತ್ರ ಕೊನೆಯವರೆಗೆ ಹವಾಮಾನದ ಬಗ್ಗೆ ಮಾತಾಡಿ, ಅವರ ಹಿಂದೆಯೇ ಎದ್ದುಹೋದ.

ಪತ್ರಿಕೆಯಲ್ಲಿ ಬಂತು: ಗ್ಲೆನ್‌ವಿಕ್‌ನ ಅತ್ಯುತ್ತಮ ಸ್ಟೇಕ್ ಬೆಲ್‌ವ್ಯೂ ಕೆಫೆಯದು, ಮೆಡಿಟರೇನಿಯನ್ ಊಟ ಊರಿನಲ್ಲಿ ಸಿಗುವುದಿಲ್ಲ. ಅದನ್ನು ಓದಿ ವಿದ್ಯಾರ್ಥಿಗಳು ಗುಂಪುಗುಂಪಾಗಿ ಬರತೊಡಗಿದರು. ಎಷ್ಟೋ ವರ್ಷಗಳಿಂದ ತುಂಬದ ಮೇಜುಗಳು ತುಂಬಿದವು. ಮುಂದಿನ ಬೇಸಿಗೆಯಲ್ಲಿ ಸಿಡ್ನಿಯ ಕಡೆಯವರು ಯಾರೋ ರೈಲು ನಿಲ್ದಾಣದ ಹತ್ತಿರ ಗ್ರೀಕ್ ಊಟದ ಮನೆ ತೆರೆದರು. ಕೊಸ್ಮಾಸ್ ಮಧ್ಯಾಹ್ನ ಅಲ್ಲಿಗೆ ಹೋಗತೊಡಗಿದ. ಬೈಯುತ್ತ ಹೋಗಿ ಬೈಯುತ್ತ ಬರುತ್ತಿದ್ದ. ಆದರೂ ಹೋಗುತ್ತಿದ್ದ.

ಹಿಂದಿನ ಮೇಜಿಗೆ ಎರಡು ತಟ್ಟೆ ಬರುತ್ತಿದ್ದವು. ಅವನ್ನು ಇಟ್ಟು ಕೂರುವ ಮುನ್ನ ಸ್ತಮಾತಾ ಒಂದು ಕ್ಷಣ ಮಗನ ಮುಖ ನೋಡುತ್ತಿದ್ದಳು. ಅವನು ಮಾಂಸದವನಿಗೆ ನಾಳೆ ಎಷ್ಟು ಹೇಳಲಿ ಎಂದು ಕೇಳುತ್ತಿದ್ದ, ಅವಳು ಹೇಳುತ್ತಿದ್ದಳು.

ಅವಳು ಬದುಕಿದ್ದ ಅಷ್ಟು ವರ್ಷಗಳಲ್ಲಿ, ಅವತ್ತು ತಾನು ಹೇಳಿದ್ದು ಸುಳ್ಳೆಂದೂ, ಹೇಳಿದ್ದು ನಾಚಿಕೆಗೆಂದೂ ಮಿನಾಸ್ ಅವಳಿಗೆ ಹೇಳಲೇ ಇಲ್ಲ.