ಶೀಬಾಳ ಎದೆಪಟ್ಟಿ

ಆಯುಧಪೂಜೆಯ ದಿನ ನನ್ನ ಕಾಲು ಒಂದು ಕಡೆ ನಿಲ್ಲಲಿಲ್ಲ. ಎಲೆಕ್ಟ್ರಾನಿಕ್ ಸಿಟಿಯ ನಮ್ಮ ಕಂಪನಿ ಗೇಟಿನ ಮುಂದೆ ಬೆಳಿಗ್ಗೆಯಿಂದಲೇ ಕಾರಿನ ಸಾಲು. ಕೆಲಸಗಾರರು ಹೆಂಡತಿ ಮಕ್ಕಳನ್ನು ಕರೆತಂದು ತಾವು ನಡೆಸುವ ಮಿಷನ್ನು ತೋರಿಸುವ ದಿನ ಅದು. ಒಳಗೆ ಮಿಷನ್ನುಗಳೆಲ್ಲ ಬಂದ್ ಆಗಿ, ಬಾಳೆಕಂದು ಕಟ್ಟಿಸಿಕೊಂಡು, ಕುಂಕುಮ ಹಚ್ಚಿಸಿಕೊಂಡು ಹಾಯಾಗಿದ್ದವು. ಹೊರಗೆ ಬಿಸಿಲಲ್ಲಿ ಪ್ರತಿಯೊಂದು ಕಾರನ್ನೂ ಮೂಸಿ ಒಳಗೆ ಬಿಡಬೇಕಾದವಳು ನನ್ನ ಶೀಬಾ ಒಬ್ಬಳೇ.

ಶೀಬಾ ಲ್ಯಾಬ್ರಡಾರ್ ನಾಯಿ, ಸ್ಫೋಟಕ ಹುಡುಕುವುದು ಅವಳ ಕೆಲಸ. ನಾಯಿ ಸೆಕ್ಯುರಿಟಿ ಏಜೆನ್ಸಿಯದು. ನಾನು ಹನುಮೇಶ, ಗದಗಿನ ಕಡೆಯವನು, ಅವಳ ಹಗ್ಗ ಹಿಡಿಯುವವನು. ಹಿಂದಿನ ಪರೀಕ್ಷೆಯಲ್ಲಿ ಅವಳು ಮದ್ದಿನ ಪೊಟ್ಟಣ ಇಟ್ಟ ಕಾರನ್ನು ದಾಟಿಕೊಂಡು ಹೋಗಿಬಿಟ್ಟಿದ್ದಳು. ನಮ್ಮ ಆಫೀಸರ್ ಭಾನುಪ್ರಕಾಶ್ ಸಾರ್ ಆಗಲೇ ಮುಖಕ್ಕೆ ಹೊಡೆದಂತೆ ಹೇಳಿದ್ದರು: "ಆಯುಧಪೂಜೆ ದಿನ ಸಂಜೆ ಇನ್ನೊಂದ್ಸಲ ಇಡ್ತೀನಿ. ಮಿಸ್ ಆದ್ರೆ ಮಾಕಳಿ ಗೋಡೌನ್‌ಗೆ ಕಳಿಸ್ತೀನಿ ಅಷ್ಟೇ. ಅಲ್ಲಿ ಕಟ್ಟಾಕಿದ್ರೆ ಬೊಗಳ್ಕೊಂಡಾದ್ರೂ ಇರುತ್ತೆ." ಶೀಬಾ ಬೊಗಳುವ ನಾಯಿಯೇ ಅಲ್ಲ. ಸರಪಳಿ ಹಾಕಿದರೆ ಅನ್ನ ಬಿಡುತ್ತಾಳೆ. ಅವಳನ್ನು ಬಿಟ್ಟಿರಲು ನನ್ನಿಂದಲೂ ಆಗದು, ಇದರಲ್ಲಿ ಮುಚ್ಚಿಡುವುದೇನಿದೆ.

ಹಾಗಾಗಿ ಸಂಜೆಯತನಕ ಅವಳ ಕಸುವು ಉಳಿಸುವುದೊಂದೇ ನನ್ನ ಚಿಂತೆ. ಹೊಟ್ಟೆ ಬಿರಿಯ ತಿಂದ ನಾಯಿ ತೂಕಡಿಸುತ್ತದೆ, ಹಸಿದ ನಾಯಿಗೆ ಗಮನ ನಿಲ್ಲುವುದಿಲ್ಲ. ಅದಕ್ಕೇ ನಸುಕಿನಲ್ಲೇ ಒಂದಿಷ್ಟು ಮೊಸರನ್ನ ಹಾಕಿದ್ದೆ. ಆಮೇಲೆ ಕೆಲವು ಕಾರು ಮೂಸಿಸುವುದು, ಹೊಂಗೆಮರದ ನೆರಳಲ್ಲಿ ಒದ್ದೆ ಗೋಣಿಚೀಲದ ಮೇಲೆ ಮಲಗಿಸುವುದು, ಗುಟುಕು ನೀರು, ಬೇಯಿಸಿದ ಮೊಟ್ಟೆಯ ಚೂರು, ಮತ್ತೆ ಎಬ್ಬಿಸುವುದು. ಎದೆಪಟ್ಟಿ ಹಾಕಿದರೆ ಡ್ಯೂಟಿ, ಬಿಚ್ಚಿದರೆ ಬಿಡುವು. ಅದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು.

ಮಧ್ಯಾಹ್ನ ಅವಳನ್ನು ನೆರಳಲ್ಲಿ ಬಿಟ್ಟು ನೀರು ತರಲು ಹೋದೆ. ನಲ್ಲಿಯ ಹತ್ತಿರವೂ ಸಾಲು, ತಡವಾಯಿತು. ಬಂದು ನೋಡಿದರೆ ಶೀಬಾಳ ಹಣೆಗೆ ಕುಂಕುಮ, ಕೊರಳಿಗೆ ಚೆಂಡುಹೂವಿನ ಹಾರ. ಮುಂದೆ ನೆಕ್ಕಿ ಹೊಳೆಯುವಂತೆ ಮಾಡಿದ ಬಾಳೆಲೆ. ಪಕ್ಕದಲ್ಲಿ ಗೇಟಿನ ಕಸ ಗುಡಿಸುವ ಮಾರಕ್ಕ ಕೈ ಮುಗಿದು ನಿಂತಿದ್ದಳು.

"ಏನ್ ಹಾಕೀರಿ ಯಕ್ಕಾ ಇದಕ್ಕ?"

"ಸಿಹಿ ಪೊಂಗಲ್ ಕಣಪ್ಪ. ಎಲ್ಲಾ ಆಯುಧಕ್ಕೂ ಪೂಜೆ ಆಯ್ತು, ದಿನಾ ದುಡಿಯೋ ಇವ್ಳಿಗ್ಯಾಕಿಲ್ಲ? ಪೂಜೆ ಅಂದ್ಮೇಲೆ ಎಡೆ ಇಕ್ಕದೆ ಆಯ್ತದಾ?"

"ಇಷ್ಟ ಹಾಕಿದ್ರಿ, ಹೌದಿಲ್ಲೋ?"

"ನಾನು ಇಷ್ಟೇ. ಡ್ರೈವರ್‌ಗಳು ಬೂಂದಿ ಹಾಕವ್ರೆ. ಕ್ಯಾಂಟೀನೋರು ವಡೆ ಕೊಟ್ರು. ಎಲ್ಲಾ ಭಕ್ತಿಯಿಂದ್ಲೇ ಕೊಟ್ಟವ್ರೆ."

ನನ್ನ ತಲೆ ಕೆಟ್ಟುಹೋಯಿತು. "ಪೂಜಿ ಮಾಡ್ತೀನಂತ ಅದರ ಬದುಕಿಗೇ ಕಲ್ಲ್ ಹಾಕಿದ್ರಲ್ಲ ಯಕ್ಕಾ. ಸಂಜೀಕ ಪರೀಕ್ಷೆ ಐತಿ. ತಪ್ಪಿದರ ಮಾಕಳಿಗೆ ಒಯ್ತಾರ" ಎಂದು ಕೂಗಾಡಿದೆ. ಅವಳ ಮುಖ ಸಣ್ಣದಾಯಿತು. ಬಾಳೆಲೆ ಮಡಚಿಕೊಂಡು ಹೋದಳು.

ಆಮೇಲೆ ಶೀಬಾ ಎರಡು ಕಾರು ಮೂಸಿದರೆ ಮೂರನೆಯದರ ಹತ್ತಿರ ಕುಂಡೆಯೂರಿ ಕೂರತೊಡಗಿದಳು. ನನ್ನ ಜೀವ ಬಾಯಿಗೆ ಬಂತು. ಏಕೆಂದರೆ ಕೂರುವುದೇ ಅವಳ ಸನ್ನೆ, ಮದ್ದಿನ ವಾಸನೆ ಬಂದರೆ ಹಾಗೆ ಕೂರಬೇಕೆಂದೇ ಕಲಿಸಿರುವುದು. ಸುಸ್ತಾಗಿ ಕೂತಳೋ, ವಾಸನೆ ಹಿಡಿದು ಕೂತಳೋ ಯಾರು ಹೇಳಬೇಕು? ಮೈಗೆ ನೀರು ಹೊಯ್ದೆ, ನೆರಳಲ್ಲಿ ಮೆಲ್ಲಗೆ ಅಡ್ಡಾಡಿಸಿದೆ. ಅವಳು ಮಲಗಿದಾಗ ನಾನೊಬ್ಬನೇ ರಸ್ತೆಯವರೆಗೆ ಹೋಗುವುದು, ಬರುವುದು. ಎಲ್ಲೆಲ್ಲೂ ಕರ್ಪೂರದ ಹೊಗೆ, ಒಡೆದ ಕುಂಬಳಕಾಯಿ. ಯಾರಾದರೂ ಹಾರ್ನ್ ಹೊಡೆದರೆ ಅವರನ್ನೇ ಕಚ್ಚಿಬಿಡುವಷ್ಟು ಸಿಟ್ಟು ಬರುತ್ತಿತ್ತು.

ಬಿಸಿಲು ಇಳಿಯುವ ಹೊತ್ತಿಗೆ ಭಾನುಪ್ರಕಾಶ್ ಸಾರ್ ಬಂದು ಒಂದು ಸಾಲು ಕಾರು ನಿಲ್ಲಿಸಿ, "ಶುರು ಮಾಡಪ್ಪ" ಎಂದರು. ಎದೆಪಟ್ಟಿ ಬಿಗಿದು ಹೊರಟೆ. ಶೀಬಾ ಹೊಟ್ಟೆ ಎಳೆದುಕೊಂಡು ನಡೆದಳು. ಒಂದು ಬಿಳಿ ಕಾರಿನ ಹಿಂದಿನ ಚಕ್ರದ ಹತ್ತಿರ ಕೂತಳು.

ನಾನು ಕೈ ಎತ್ತಿದರೆ ಮದ್ದು ಇಲ್ಲೇ ಇದೆ ಎಂದು ಅರ್ಥ. ಸುಮ್ಮನೆ ಎತ್ತಿದರೂ ಫೇಲೇ. ಹಗ್ಗವನ್ನು ಮೆಲ್ಲಗೆ ಜಗ್ಗಿದೆ. ಸುಸ್ತಿನ ಶೀಬಾ ಆಗಿದ್ದರೆ ಎದ್ದು ಬರುತ್ತಿದ್ದಳು, ಇಲ್ಲವೇ ಅಡ್ಡಾಗುತ್ತಿದ್ದಳು. ಇವಳು ಎರಡೂ ಮಾಡಲಿಲ್ಲ. ಮಧ್ಯಾಹ್ನದಿಂದ ನಾಲಿಗೆ ಹೊರಗೆ ಹಾಕಿಕೊಂಡೇ ಇದ್ದವಳು ಈಗ ಬಾಯಿ ಮುಚ್ಚಿ ಚಕ್ರವನ್ನೇ ನೋಡುತ್ತಿದ್ದಳು. ನಾನು ಕೈ ಎತ್ತಿದೆ.

ಸಾರ್ ಬಗ್ಗಿ ಚಕ್ರದ ಮೇಲಿನಿಂದ ಪೊಟ್ಟಣ ತೆಗೆದರು. "ಪರ್ವಾಗಿಲ್ಲ ಕಣೋ. ಇಲ್ಲೇ ಇರ್ಲಿ."

ನನಗೆ ಅಳುವೇ ಬಂತು. ಅವಳಿಗೆ ಬಹುಮಾನವೆಂದು ಕೊಡುವ ಚೆಂಡನ್ನು ಎಸೆದೆ. ಅದು ಉರುಳಿ ಹೋಗುವುದನ್ನು ನೋಡುತ್ತಾ ಅವಳು ಡಾಂಬರಿನ ಮೇಲೆಯೇ ಮಲಗಿಬಿಟ್ಟಳು.

"ಹಿಂದಿನ ಗೇಟಲ್ಲೂ ಸಾಲಿದೆ, ಕತ್ಲಾಗೋವರ್ಗೂ ಅಲ್ಲಿ ನಿಲ್ಸು" ಎಂದರು ಸಾರ್.

"ಇನ್ನ ಆಗಂಗಿಲ್ರೀ ಸರ ಅದರ ಕಡಿಂದ."

"ಏನಾದ್ರೂ ತಿನ್ಸು, ಎದ್ದೇಳುತ್ತೆ."

ಅಷ್ಟರಲ್ಲಿ ಮಾರಕ್ಕ ಪೊರಕೆ ಹಿಡಿದೇ ಹತ್ತಿರ ಬಂದಳು. "ಸಾರ್, ಒಳಗೆ ಪೂಜೆಗಿಕ್ಕಿರೋ ಸ್ಪ್ಯಾನರು ಗಿಪ್ಯಾನರು ಇವತ್ತು ಯಾರಾರ ಮುಟ್ತಾರಾ?"

"ಯಾರಮ್ಮ ಮುಟ್ತಾರೆ? ನಾಳೆ ಪೂಜೆ ಮಾಡೇ ಎತ್ತೋದು."

ಮಾರಕ್ಕ ನನ್ನ ಕಡೆ ನೋಡಿದಳು. ನನಗೆ ತಿಳಿಯಿತು. ಶೀಬಾಳ ಎದೆಪಟ್ಟಿ ಬಿಚ್ಚಿ ಸೆಕ್ಯುರಿಟಿ ರೂಮಿಗೆ ಒಯ್ದು, ಚಾಮುಂಡಿ ಫೋಟೋದ ಮುಂದೆ ಲಾಠಿ, ಟಾರ್ಚುಗಳ ಪಕ್ಕ ಇಟ್ಟೆ. ಮಾರಕ್ಕ ಅದಕ್ಕೂ ಕುಂಕುಮ ಹಚ್ಚಿ ಹೂವಿಟ್ಟಳು.

"ನೀವ ಎತ್ತಿಕೊಡ್ರಿ ಸರ, ಹೋಗ್ತೀನಿ" ಎಂದೆ.

ಸಾರ್ ಬಾಗಿಲಲ್ಲಿ ಶೂ ಬಿಚ್ಚಿ ಒಳಗೆ ಬಂದರು. ಪಟ್ಟಿಯ ಕಡೆ ಚಾಚಿದ ಕೈ ಅರ್ಧಕ್ಕೇ ನಿಂತಿತು. ಆಮೇಲೆ ಎರಡೂ ಕೈ ಸೇರಿಸಿ ನಮಸ್ಕಾರ ಮಾಡಿ ಹೊರಗೆ ಹೋದರು. ಹಿಂದಿನ ಗೇಟಿಗೆ, ಕಾರಿನ ಅಡಿ ನೋಡುವ ಕನ್ನಡಿ ಹಿಡಿದ ಗಾರ್ಡುಗಳನ್ನು ಕಳಿಸಿ, "ನಾಳೆ ಬೇಗ ಬಾ" ಎಂದಷ್ಟೇ ನನಗೆ ಹೇಳಿದರು.

ಶೀಬಾ ಗೋಣಿಚೀಲದ ಮೇಲೆ ಗೊರಕೆ ಹೊಡೆಯುತ್ತಿದ್ದಳು. ಅವಳ ಪಕ್ಕ ಕೂತೆ. ದಿನವಿಡೀ ನಿಲ್ಲದ ಕಾಲು ಈಗ ನೋಯತೊಡಗಿತು.

"ಯಕ್ಕಾ, ಪೊಂಗಲ್ ಇನ್ನೂ ಐತೇನ್ರಿ?"

"ಅಯ್ಯೋ, ಇನ್ನೂ ಇಕ್ಕಬೇಕಾ ಅವ್ಳಿಗೆ?"

"ಅಕಿಗಲ್ಲ, ನನಗ. ಮುಂಜಾನಿಂದ ಏನೂ ತಿಂದಿಲ್ಲ."